ವಲ್ಕನೈಸಿಂಗ್ ಎಂಬ ಪದದ ತವರೂರಿಗೆ

ಪಾಳ್ಯ

ನಾನು ಬೋರ್ಡ್ ಬರೆಯುವ ಮಲ್ಲೇಶ. ಪಾಳ್ಯ, ಕುಂದೂರು, ಆಲೂರು, ಆ ಕಡೆ ಸಕಲೇಶಪುರದ ಬಸ್ ಸ್ಟ್ಯಾಂಡಿನವರೆಗೆ ಇನ್ನೂ ಉಳಿದಿರುವ ಕೈಬರಹದ ಬೋರ್ಡುಗಳಲ್ಲಿ ಮುಕ್ಕಾಲು ಪಾಲು ನನ್ನವೇ. ಬರೆದ ಪದಗಳಲ್ಲಿ ಅರ್ಧಕ್ಕೆ ನನಗೆ ಅರ್ಥ ಗೊತ್ತಿರಲಿಲ್ಲ. ಅರ್ಥ ಕೇಳುತ್ತ ಕೂತರೆ ಡಬ್ಬಿಯಲ್ಲಿ ಬಣ್ಣ ಒಣಗುತ್ತದೆ.

ನಾನು ಬರೆದ ಮೊದಲ ಬೋರ್ಡು ‘ಸೇಂಟ್ ಆಂಟನಿ ವಲ್ಕನೈಸಿಂಗ್ ವರ್ಕ್ಸ್’. ಆಗ ನನಗೆ ಹದಿನೇಳು ವರ್ಷ. ಅಂಗಡಿಯ ಯಜಮಾನರು ಪಾಸ್ಕಲ್ ಮಾಮ, ಮಂಗಳೂರು ಕಡೆಯಿಂದ ಎಸ್ಟೇಟಿನ ಲಾರಿ ಓಡಿಸಲು ಬಂದು ಪಾಳ್ಯದಲ್ಲೇ ಟಯರ್ ಅಂಗಡಿ ಹಾಕಿಕೊಂಡವರು. ನಾನು ಮೊದಲು ‘ಬಲ್ಕನೈಸಿಂಗ್’ ಎಂದು ಬರೆದಿದ್ದೆ. ಅವರು ಸೀಮೆಎಣ್ಣೆ ಬಟ್ಟೆಯಲ್ಲಿ ತಾವೇ ಒರೆಸಿ ಮತ್ತೆ ಬರೆಸಿದರು.

ಈಗ ಅಂಗಡಿ ಅವರ ಮಗ ವಿನ್ಸೆಂಟಣ್ಣನದು. ವಿನ್ಸಣ್ಣ ಎಂದರೆ ಊರಿಗೆಲ್ಲ ಗೊತ್ತು. ಒಂದು ಸಲ ಲಾರಿ ಚಕ್ರದ ಕಬ್ಬಿಣದ ರಿಂಗು ಸಿಡಿದು ಎಡಮೊಣಕಾಲಿಗೆ ಬಡಿದ ಮೇಲೆ ಅವನು ಕುಂಟಿಕೊಂಡೇ ನಡೆಯುತ್ತಾನೆ. ಅವನನ್ನು ಪಂಚರ್ ಅಂಗಡಿಯವನು ಎಂದು ಮಾತ್ರ ಯಾರೂ ಕರೆಯುವ ಹಾಗಿಲ್ಲ.

“ಪಂಚರ್ ಯಾರು ಬೇಕಾದ್ರೂ ಹಾಕ್ತಾರೆ. ಸಲ್ಯೂಷನ್ ಬಳ್ದು ಪ್ಯಾಚ್ ಅಂಟ್ಸಿದ್ರೆ ಮುಗೀತು. ವಲ್ಕನೈಸಿಂಗ್ ಹಂಗಲ್ಲ ಕಣೋ. ಹಸಿ ರಬ್ಬರ್ ಇಟ್ಟು, ಕಾವು ಕೊಟ್ಟು, ಹರಿದಿದ್ದಕ್ಕೂ ಹೊಸದಕ್ಕೂ ಒಂದೇ ಮೈ ಮಾಡೋದು” ಎನ್ನುತ್ತಾನೆ.

ಹೋದ ವರ್ಷ ಊರಿಗೆ ಹೊಸದಾಗಿ ಬಂದ ಫಾದರ್ ತಮ್ಮ ಬೈಕಿಗೆ ಗಾಳಿ ಹಾಕಿಸಲು ಬಂದರು. ತಲೆಯೆತ್ತಿ ಬೋರ್ಡು ಓದಿ ನಕ್ಕರು. “ವಿನ್ಸೆಂಟ್, ಈ ಕಡೆ ಸಂತ ಆಂಟನಿ, ಪಕ್ಕದಲ್ಲೇ ರೋಮನ್ನರ ಬೆಂಕಿ ದೇವರು ವಲ್ಕನ್. ಒಂದೇ ಹಲಗೆ ಮೇಲೆ ಇಬ್ಬರೂ ಜಗಳ ಆಡದೆ ಇದ್ದಾರಲ್ಲ” ಎಂದು ತಮಾಷೆ ಮಾಡಿ ಬೈಕ್ ಹತ್ತಿ ಹೋದರು.

ಫಾದರ್ ಅದನ್ನು ಅಲ್ಲೇ ಮರೆತರು. ಟೀ ತಂದಿದ್ದ ವಿನ್ಸಣ್ಣನ ಹೆಂಡತಿ ಸೆವ್ರಿನಕ್ಕ ಮರೆಯಲಿಲ್ಲ.

“ಮದುವೆಯಾಗಿ ಬಂದಾಗಿಂದ ದಿನಾ ಬೆಳಿಗ್ಗೆ ಆ ಬೋರ್ಡಿಗೆ ಊದುಬತ್ತಿ ಹಚ್ತಾ ಇದೀನಿ. ಅದ್ರಲ್ಲಿ ಅರ್ಧ ಹೊಗೆ ಯಾರಿಗೆ ಹೋಯ್ತು ಅಂತ ಈಗ ಗೊತ್ತಾಯ್ತು” ಎಂದರು. ಆ ಪದ ಅಳಿಸಿ ‘ಟಯರ್ ಪಂಚರ್ ಶಾಪ್’ ಎಂದು ಬರೆಯಬೇಕೆಂದು ನನಗೇ ಅಪ್ಪಣೆಯಾಯಿತು. ವಿನ್ಸಣ್ಣ ಎರಡು ದಿನ ಮಧ್ಯಾಹ್ನ ಊಟಕ್ಕೆ ಮನೆಗೆ ಹೋಗಲಿಲ್ಲ. ಅಂಗಡಿಯಲ್ಲೇ ಬನ್ನು ತಿಂದುಕೊಂಡು ಕೂತ. ಅಪ್ಪ ಹೇಳಿ ಬರೆಸಿದ ಪದ ಅಳಿಸಿದರೆ ತನ್ನ ಕೆಲಸವನ್ನೇ ಅಳಿಸಿದ ಹಾಗೆ ಎಂಬುದು ಅವನ ಸಂಕಟ.

ಕೊನೆಗೆ ಗಂಡ ಹೆಂಡತಿ ಒಂದು ಒಪ್ಪಂದಕ್ಕೆ ಬಂದರು. ವಿನ್ಸಣ್ಣನ ತಂಗಿ ಗ್ರೇಸಿ ಇಟಲಿಯಲ್ಲಿ ಸಿಸ್ಟರ್. ಸಿಸಿಲಿ ದ್ವೀಪದ ಮಿಲಾಜೊ ಎಂಬ ಊರಿನಲ್ಲಿ ವಯಸ್ಸಾದವರನ್ನು ನೋಡಿಕೊಳ್ಳುತ್ತಾಳೆ. ಅವಳು ವ್ರತ ತೆಗೆದುಕೊಂಡು ಇಪ್ಪತ್ತೈದು ವರ್ಷ ತುಂಬುವ ಹಬ್ಬಕ್ಕೆ ಹೇಗೂ ಹೋಗಬೇಕಿತ್ತು. ಅವಳು ಏನು ಹೇಳುತ್ತಾಳೋ ಅದೇ ತೀರ್ಮಾನ. ವಿಮಾನ ಹತ್ತುವುದಿಲ್ಲವೆಂದು ಸೆವ್ರಿನಕ್ಕ ಮೊದಲೇ ಹೇಳಿಬಿಟ್ಟಿದ್ದರು. ಕುಂಟುವ ಗಂಡನನ್ನು ಒಬ್ಬನೇ ಕಳಿಸಲೂ ಮನಸ್ಸಿಲ್ಲ. ಗ್ರೇಸಿ ಪಾಳ್ಯದ ಸ್ಕೂಲಿನಲ್ಲಿ ನನ್ನ ಕ್ಲಾಸ್‌ಮೇಟ್. ಹಾಗಾಗಿ ಚೀಲ ಹೊರಲು ನಾನು ನೇಮಕವಾದೆ.

ಬೆಂಗಳೂರು ವಿಮಾನ ನಿಲ್ದಾಣ

ವಿನ್ಸಣ್ಣ ಎಲ್ಲಿಗೆ ಹೋದರೂ ಅಂಗಡಿಯ ಒಂದು ತುಂಡನ್ನು ಜೊತೆಗೆ ಒಯ್ಯುತ್ತಾನೆ. ಮದುವೆಗೆ ಹೋದರೂ ಜೇಬಿನಲ್ಲಿ ವಾಲ್ವ್ ಪಿನ್ ಇರುತ್ತದೆ. ತಪಾಸಣೆಯಲ್ಲಿ ಅವನ ಕೈಚೀಲವನ್ನು ಪಕ್ಕಕ್ಕೆ ಎಳೆದರು. ಚಕ್ಕುಲಿ ಡಬ್ಬಿಯ ಕೆಳಗೆ ಸಲ್ಯೂಷನ್ ಟ್ಯೂಬು, ಒಂದು ಸುರುಳಿ ಹಸಿ ರಬ್ಬರು.

“ಇದೇನು?” ಎಂದು ಕೇಳಿದಳು ಅಲ್ಲಿದ್ದ ಹುಡುಗಿ.

“ವಲ್ಕನೈಸಿಂಗ್ ಸಾಮಾನಮ್ಮ. ದಾರೀಲಿ ಏನಾದ್ರೂ ಆದ್ರೆ ಇರ್ಲಿ ಅಂತ.”

“ವಿಮಾನಕ್ಕಾ?”

ವಿನ್ಸಣ್ಣ ಯೋಚಿಸಿ, “ಅದಕ್ಕೂ ಟಯರ್ ಇರ್ತವಲ್ಲ” ಎಂದ.

ಅವಳು ನಗಲಿಲ್ಲ. ಬೆಂಕಿ ಹತ್ತುವ ವಸ್ತುವೆಂದು ಸಲ್ಯೂಷನ್ ತೆಗೆದುಕೊಂಡು ರಬ್ಬರು ವಾಪಸು ಕೊಟ್ಟಳು. ವಿಮಾನ ಮೇಲೇಳುವವರೆಗೂ ಅವನಿಗೆ ಅದರದೇ ಕೊರಗು. ಪೈಲಟ್ ಇಳಿಸುವಾಗ ಜೋರಾಗಿ ಬ್ರೇಕ್ ಹಾಕಿದರೆ ಗತಿಯೇನು ಎಂದು ಪಕ್ಕದ ಸೀಟಿನ ಡಾಕ್ಟರೊಬ್ಬರಿಗೆ ಬಹಳ ಹೊತ್ತು ವಿವರಿಸಿದ. ಅವರು ಆಮೇಲೆ ಬೇರೆ ಸೀಟಿಗೆ ಹೋದರು.

ರೋಮ್

ರೋಮಿನಲ್ಲಿ ನಮಗಿದ್ದದ್ದು ಒಂದೇ ದಿನ. ಜನ ಅಲ್ಲಿ ಏನೇನೋ ನೋಡುತ್ತಾರೆ. ನಾವು ಹುಡುಕಿದ್ದು ಒಬ್ಬನೇ ದೇವರನ್ನು.

ಅದಕ್ಕೂ ಮೊದಲು ಕಾಫಿ. ನಾವು ಕಾಫಿ ತೋಟಗಳ ನಡುವೆ ಹುಟ್ಟಿದವರು, ಲೋಟ ತುಂಬ ಕುಡಿಯುವವರು. ಅಲ್ಲಿ ಗೊಂಬೆ ಆಟದ ಬಟ್ಟಲಿನಂಥದರ ತಳದಲ್ಲಿ ಒಂದು ಗುಟುಕು ಕೊಟ್ಟರು. ವಿನ್ಸಣ್ಣ ಅದು ರುಚಿ ನೋಡಲು ಕೊಟ್ಟದ್ದೆಂದು ತಿಳಿದು ಕುಡಿದು, ತಲೆಯಾಡಿಸಿ, “ಚೆನ್ನಾಗೈತೆ, ಕೊಡಿ” ಎಂದ. ಇನ್ನೊಂದು ಗುಟುಕು ಬಂತು. ಹೀಗೆ ನಾಲ್ಕು ಸಲ. ಊರಿನಲ್ಲಿ ಕಾಫಿಗೆ ಕೂತರೆ ಎರಡು ಮನೆಗಳ ಸುದ್ದಿ ಮುಗಿಯುತ್ತದೆ. ಅಲ್ಲಿಯವರು ನಿಂತೇ ಗಂಟಲಿಗೆ ಸುರಿದುಕೊಂಡು, ಔಷಧಿ ಕುಡಿದವರಂತೆ ಹೊರಟುಬಿಡುತ್ತಾರೆ. ಆ ನಾಲ್ಕು ಗುಟುಕಿನ ದೆಸೆಯಿಂದ ವಿನ್ಸಣ್ಣ ಆ ದಿನವೆಲ್ಲ ನನಗಿಂತ ಮುಂದೆ ಕುಂಟುತ್ತ ಓಡಿದ.

ಹಳೆಯ ರೋಮಿನ ಕಂಬಗಳ ನಡುವೆ ಕಾವಲುಗಾರನೊಬ್ಬನನ್ನು ಹಿಡಿದು “ವಲ್ಕನ್?” ಎಂದೆವು. ಇಂಗ್ಲಿಷ್ ಬಲ್ಲ ಅವನು ನಮ್ಮನ್ನು ದೊಡ್ಡ ದೊಡ್ಡ ಕಮಾನುಗಳನ್ನೆಲ್ಲ ದಾಟಿಸಿ ಒಂದು ಮೂಲೆಗೆ ಕರೆದೊಯ್ದ. ಅಲ್ಲಿದ್ದದ್ದು ತಗ್ಗಾದ ಒಂದು ಬಂಡೆ. ನಮ್ಮ ಕಡೆ ಬಟ್ಟೆ ಒಗೆಯಲು ಇದಕ್ಕಿಂತ ಒಳ್ಳೆಯ ಕಲ್ಲು ಸಿಗುತ್ತದೆ. ತುಂಬ ಹಿಂದೆ ಇದೇ ವಲ್ಕನ್‌ನ ಪೂಜೆಯ ಜಾಗವಾಗಿತ್ತೆಂದೂ, ಆಮೇಲೆ ಅವನಿಗೆ ಕಟ್ಟಿದ ಗುಡಿಯನ್ನು ಬೆಂಕಿಯ ಭಯಕ್ಕೆ ಊರ ಗೋಡೆಯಿಂದ ಆಚೆ ಇಟ್ಟಿದ್ದರೆಂದೂ ಅವನು ಹೇಳಿದ.

ವಿನ್ಸಣ್ಣನಿಗೆ ಮೊದಲ ಬಾರಿಗೆ ಆ ದೇವರ ಬಗ್ಗೆ ಕನಿಕರ ಹುಟ್ಟಿತು. “ನಮ್ಮಪ್ಪಂಗೂ ಹಂಗೇ ಅಂದಿದ್ರು ಮಾರಾಯ. ಅಂಗಡಿ ಊರೊಳಗೆ ಬ್ಯಾಡ, ಆಚೆ ಹಾಕ್ಕೊ ಅಂತ” ಎಂದ. ಕಾವಲುಗಾರ ಆಚೆ ತಿರುಗಿದ್ದಾನೆಂದು ಖಾತ್ರಿ ಮಾಡಿಕೊಂಡು ಬಂಡೆಯನ್ನು ಒಂದು ಸಲ ಮುಟ್ಟಲು ಹೋದ. ಕಾವಲುಗಾರ ಗದರಿದ. ವಿನ್ಸಣ್ಣ ಗಾಬರಿಯಲ್ಲಿ ಎದೆಯ ಮೇಲೆ ಶಿಲುಬೆ ಗುರುತು ಮಾಡಿಕೊಂಡ. ಯಾರ ಮುಂದೆ ಮಾಡಿಕೊಂಡೆನೆಂದು ಮತ್ತೆ ಗಾಬರಿಯಾಗಿ ಅಲ್ಲಿಂದ ನನ್ನನ್ನು ಎಳೆದುಕೊಂಡು ಹೊರಟ.

ಹಡಗಿನೊಳಗಿನ ರೈಲು

ರೋಮಿನಿಂದ ಸಿಸಿಲಿಗೆ ರೈಲು ಹೋಗುತ್ತದೆ. ನಡುವೆ ಸಮುದ್ರವಿದೆ, ಸೇತುವೆ ಇಲ್ಲ. ಇದನ್ನು ನಮಗೆ ಯಾರೂ ಹೇಳಿರಲಿಲ್ಲ. ಮಧ್ಯಾಹ್ನ ಊಟವಾಗಿ ನಾವಿಬ್ಬರೂ ನಿದ್ದೆ ಹೋಗಿದ್ದೆವು. ರೈಲು ಒಂದು ದಡದಲ್ಲಿ ನಿಂತು, ಹಿಂದೆ ಮುಂದೆ ಓಲಾಡಿ, ಬೋಗಿ ಬೋಗಿಯಾಗಿ ಬಿಡಿಸಿಕೊಂಡು ಒಂದು ದೊಡ್ಡ ಹಡಗಿನ ಹೊಟ್ಟೆಯೊಳಗೆ ಹೋಗಿ ನಿಂತಿತು. ಕಿಟಕಿಯಾಚೆ ಕತ್ತಲು, ಕಬ್ಬಿಣದ ಗೋಡೆ, ಸರಪಳಿಗಳ ಸದ್ದು.

ನಮಗೆ ಎಚ್ಚರವಾದಾಗ ಕಂಡದ್ದು ಇಷ್ಟೇ. ಸಕಲೇಶಪುರದಿಂದ ಸುಬ್ರಹ್ಮಣ್ಯದ ಘಾಟಿ ಇಳಿಯುವ ರೈಲಿನಲ್ಲಿ ಓಡಾಡಿದ ವಿನ್ಸಣ್ಣ ಸುರಂಗವೆಂದುಕೊಂಡ. ಹತ್ತು ನಿಮಿಷವಾಯಿತು, ಇಪ್ಪತ್ತು ನಿಮಿಷವಾಯಿತು.

“ಏನು ಸುರಂಗ ಮಾರಾಯ ಇದು, ಮುಗಿಯೋದೇ ಇಲ್ವಲ್ಲ” ಎಂದ. ಆಮೇಲೆ ಮುಖ ಬಿಳುಚಿಕೊಂಡು, “ಸುರಂಗ ಯಾಕೆ ತೂಗಾಡ್ತೈತೆ?” ಎಂದ.

ಎದುರು ಸೀಟಿನಲ್ಲಿ ಒಬ್ಬ ಅಜ್ಜಿ ಕಿತ್ತಳೆ ಸುಲಿಯುತ್ತಿದ್ದರು. ನಮ್ಮ ಪೇಚಾಟ ನೋಡಿ, ಕೈಯಿಂದ ಅಲೆಯ ಹಾಗೆ ಮಾಡಿ ತೋರಿಸಿ, “ನಾವೆ, ನಾವೆ” ಎಂದರು.

ನಾನು ದಂಗಾದೆ. ಅಜ್ಜಿ ಹೇಳಿದ್ದು ಅಚ್ಚ ಪುಸ್ತಕದ ಕನ್ನಡ. ನಾವೆ ಎಂದರೆ ಅವರ ಭಾಷೆಯಲ್ಲೂ ಹಡಗೇ ಎಂದು ಆಮೇಲೆ ಗ್ರೇಸಿ ಹೇಳಿದಳು, ಎರಡೂ ಪದ ಯಾವುದೋ ಕಾಲದಲ್ಲಿ ಒಂದೇ ಮನೆಯಿಂದ ಹೊರಟವಂತೆ. ಆಗ ಅದು ಗೊತ್ತಿರದೆ, ಅಜ್ಜಿಗೆ ಕನ್ನಡ ಬರುತ್ತದೆಂದು ನಂಬಿ, ನಾನು ಅವರಿಗೆ ಪಾಳ್ಯದ ವಿಷಯವೆಲ್ಲ ಹೇಳಿದೆ. ಅವರು ಎಲ್ಲಕ್ಕೂ ತಲೆದೂಗಿ ನಮಗೆ ಅರ್ಧರ್ಧ ಕಿತ್ತಳೆ ಕೊಟ್ಟರು.

ಮಿಲಾಜೊ

ಅಣ್ಣ ತಂಗಿ ಇಬ್ಬರೇ ಇದ್ದಾಗ ಕೊಂಕಣಿ ಆಡುತ್ತಾರೆ. ನಾನಿದ್ದೇನೆಂದು ಅಲ್ಲಿದ್ದಷ್ಟು ದಿನ ಗ್ರೇಸಿ ಕನ್ನಡವನ್ನೇ ಆಡಿದಳು. ಇಪ್ಪತ್ತೈದು ವರ್ಷ ಕಟ್ಟಿಟ್ಟಿದ್ದ ಪಾಳ್ಯದ ಮಾತು ಒಂದು ಚೂರೂ ಮಾಸದೆ ಹೊರಗೆ ಬಂತು. “ಏನೋ ಮಲ್ಲೇಶ, ಇಷ್ಟು ದಪ್ಪ ಆಗ್ಬುಟ್ಟಿದೀಯ” ಎಂದಳು ಸ್ಟೇಷನ್ನಿನಲ್ಲೇ.

ಅವಳ ಹಬ್ಬದ ಪೂಜೆ, ಊಟ ಎಲ್ಲ ಚೆನ್ನಾಗಿ ನಡೆಯಿತು. ಅಲ್ಲಿಯ ವೃದ್ಧರು ನಮ್ಮ ಚಕ್ಕುಲಿಯನ್ನು ಹಲ್ಲಿನ ಸೆಟ್ ತೆಗೆದಿಟ್ಟು ಚೀಪಿದರು. ವಿನ್ಸಣ್ಣ ಮಾತ್ರ ಬಂದ ವಿಷಯವನ್ನು ಎರಡು ದಿನ ಬಾಯಿಬಿಡಲಿಲ್ಲ. ತಂಗಿ ಅಳಿಸು ಎಂದುಬಿಟ್ಟರೆ ಎಂಬ ಹೆದರಿಕೆ. ಕೊನೆಗೆ ನಾನೇ ಹೇಳಿದೆ.

ಗ್ರೇಸಿ ಒಂದು ಕ್ಷಣ ನಮ್ಮಿಬ್ಬರನ್ನೂ ನೋಡಿದಳು. “ಇದಕ್ಕೆ ಇಲ್ಲಿ ಕೂತು ಹೇಳಿದ್ರೆ ಆಗಲ್ಲ. ನಾಳೆ ದೋಣಿ ಹತ್ಬೇಕು” ಎಂದಳು.

ವುಲ್ಕಾನೊ

ಮಿಲಾಜೊದಿಂದ ಒಂದು ಗಂಟೆಯೊಳಗೆ ದೋಣಿ ಆ ದ್ವೀಪ ಮುಟ್ಟುತ್ತದೆ. ಹೆಸರು ವುಲ್ಕಾನೊ. ಬೋಳು ಬೆಟ್ಟ, ತುದಿಯಲ್ಲಿ ಬಿಳಿಯ ಹೊಗೆ. ದೋಣಿಯಿಂದ ಇಳಿದ ಪ್ರವಾಸಿಗಳೆಲ್ಲ ಒಟ್ಟಿಗೇ ಮೂಗು ಹಿಡಿದುಕೊಂಡರು. ಕೊಳೆತ ಮೊಟ್ಟೆಯ ವಾಸನೆ ಎಂದು ಮುಖ ಕಿವುಚಿದರು. ವಿನ್ಸಣ್ಣ ಎದೆಯುಬ್ಬಿಸಿ ಉಸಿರೆಳೆದುಕೊಂಡ.

“ಗಂಧಕ” ಎಂದ. “ಲೋ ಮಲ್ಲೇಶ, ನಮ್ಮ ಅಂಗಡಿ ಬಾಗಿಲು ತೆಗ್ದಂಗೈತೆ.”

ನಮ್ಮನ್ನು ಸುತ್ತಾಡಿಸಲು ಗ್ರೇಸಿ ತನಗೆ ಪರಿಚಯದ ಸಾಲ್ವೊ ಎಂಬುವನಿಗೆ ಹೇಳಿದ್ದಳು. ಅವನದು ಮೂರು ಚಕ್ರದ ಪುಟ್ಟ ಗೂಡ್ಸ್ ಗಾಡಿ. ಹೋಟೆಲಿಗೆ ಒಯ್ಯುವ ಮೀನಿನ ಪೆಟ್ಟಿಗೆಗಳ ನಡುವೆ ನಾನು, ವಿನ್ಸಣ್ಣ ಕೂತೆವು. ಮುಂದೆ ಗ್ರೇಸಿ. ಸಮುದ್ರದ ಪಕ್ಕದ ದಾರಿಯಲ್ಲಿ ಹೋಗುತ್ತ ಅವಳು ಹಿಂದಕ್ಕೆ ತಿರುಗಿ ಕಥೆ ಹೇಳಿದಳು. ಈ ಬೆಟ್ಟದೊಳಗೇ ವಲ್ಕನ್‌ನ ಕುಲುಮೆ ಇದೆಯೆಂದು ಹಳೆಯ ರೋಮಿನವರು ನಂಬಿದ್ದರು. ಲೋಕದ ಬೆಂಕಿಬೆಟ್ಟಗಳಿಗೆಲ್ಲ ವೋಲ್ಕೇನೊ ಎಂಬ ಹೆಸರು ಬಂದದ್ದು ಈ ದ್ವೀಪದಿಂದ. ತುಂಬ ಕಾಲದ ಮೇಲೆ ರಬ್ಬರಿಗೆ ಗಂಧಕ ಬೆರೆಸಿ ಕಾಯಿಸಿ ಗಟ್ಟಿ ಮಾಡುವುದನ್ನು ಕಂಡುಹಿಡಿದಾಗ, ಬೆಂಕಿಯೂ ಇದೆ, ಗಂಧಕವೂ ಇದೆ ಎಂದು ಆ ಕೆಲಸಕ್ಕೂ ಇದೇ ದೇವರ ಹೆಸರಿಟ್ಟರು.

“ಹುಟ್ಟಿದ ಮಗು ಚೆಂದ ಇಲ್ಲ ಅಂತ ಅವನ ತಾಯಿ ಜೂನೋ ದೇವಿ ಆಕಾಶದಿಂದ ಕೆಳಗೆ ಎಸೆದುಬುಟ್ಟಳಂತೆ ಅಣ್ಣ. ಕಾಲು ಕುಂಟಾಯ್ತು. ಆಮೇಲೆ ಎಲ್ಲಾ ದೇವರಿಗೂ ಆಯುಧ, ರಥ, ಆಭರಣ ಮಾಡ್ಕೊಟ್ಟಿದ್ದು ಅವ್ನೇ. ಮಿಕ್ಕೋರೆಲ್ಲ ಕೂತು ಉಣ್ಣೋರು.”

ವಿನ್ಸಣ್ಣ ಮೊಣಕಾಲು ಸವರಿಕೊಂಡ. “ಯಾವ ಕಾಲು?”

“ಅದು ನಂಗೊತ್ತಿಲ್ಲ.”

“ಎಡಗಾಲೇ ಇರ್ಬೇಕು” ಎಂದ ವಿನ್ಸಣ್ಣ.

ಅಷ್ಟರಲ್ಲಿ ಗಾಡಿ ಎಡಕ್ಕೆ ವಾಲಿತು. ಹಿಂದಿನ ಚಕ್ರ ಪಂಚರ್. ಸಾಲ್ವೊ ಇಳಿದು ನೋಡಿ, ಎರಡೂ ಕೈ ಆಕಾಶಕ್ಕೆ ಚಾಚಿ, ಮತ್ತೆ ಮೀನಿನ ಪೆಟ್ಟಿಗೆಗಳ ಕಡೆ ಚಾಚಿದ. ಬಿಸಿಲಿಗೆ ಐಸು ಕರಗುತ್ತಿತ್ತು. ಬದಲಿ ಚಕ್ರ ಇರಲಿಲ್ಲ. ಟಯರಿನವನು ಬೇಕೆಂದರೆ ಮಿಲಾಜೊದಿಂದ ಬರಬೇಕು.

ವಿನ್ಸಣ್ಣ ಅಂಗಿ ತೋಳು ಮಡಚಿದ. ಅವನ ಮುಖದಲ್ಲಿ ಊರು ಬಿಟ್ಟ ಮೇಲೆ ಅಂಥ ನೆಮ್ಮದಿ ನಾನು ಕಂಡಿರಲಿಲ್ಲ. ನಾನೂ ಸಾಲ್ವೊನೂ ಗಾಡಿ ಎತ್ತಿ ಹಿಡಿದೆವು. ಗ್ರೇಸಿ ಅಡಿಗೆ ಕಲ್ಲು ಕೊಟ್ಟಳು. ಟಯರಿನಿಂದ ಟ್ಯೂಬು ಹೊರಗೆ ಬಂತು. ವಿನ್ಸಣ್ಣ ಸಾಲ್ವೊನ ಪಂಪಿನಲ್ಲಿ ಗಾಳಿ ಹೊಡೆದು, ತೂತು ಎಲ್ಲಿದೆಯೆಂದು ನೋಡಲು ಸಮುದ್ರದ ಅಂಚಿನ ನೀರಿಗೆ ಅದ್ದಿದ. ಗುಳುಗುಳು ಗುಳ್ಳೆ ಬಂತು. ಟ್ಯೂಬು ತಿರುಗಿಸಿದ, ಅಲ್ಲೂ ಗುಳ್ಳೆ. ಮತ್ತೆ ತಿರುಗಿಸಿದ, ಸುತ್ತಲೂ ಗುಳ್ಳೆ.

“ಇದೇನು ಜಾಲರಿ ಆಗ್ಬುಟ್ಟೈತಾ?” ಎಂದು ಕಂಗಾಲಾದ.

ಟ್ಯೂಬನ್ನು ಹೊರಗೆ ತೆಗೆದರೂ ಗುಳ್ಳೆ ಬರುತ್ತಲೇ ಇತ್ತು. ಆ ದಡದಲ್ಲಿ ನೆಲದೊಳಗಿನ ಹಬೆ ಸಮುದ್ರದ ನೀರಿನಲ್ಲೇ ಕುದಿದು ಮೇಲೆ ಬರುತ್ತದೆ. ಇಡೀ ಸಮುದ್ರವೇ ಪಂಚರ್ ಆಗಿತ್ತು. ಕೊನೆಗೆ ಉಗುಳು ಸವರಿ, ಕಿವಿಗೊಟ್ಟು ತೂತು ಹಿಡಿದ.

ಸಲ್ಯೂಷನ್ ಇಲ್ಲ, ಅದು ಬೆಂಗಳೂರಿನಲ್ಲೇ ಉಳಿದಿತ್ತು. ಹಸಿ ರಬ್ಬರಿನ ಸುರುಳಿ ಇತ್ತು. ಅರದ ಬದಲು ಅಲ್ಲಿಯ ಒರಟು ಕಲ್ಲಿನಲ್ಲಿ ಟ್ಯೂಬು ಉಜ್ಜಿ, ರಬ್ಬರಿನ ತುಂಡು ಇಟ್ಟ. ಇನ್ನು ಬೇಕಾದದ್ದು ಕಾವು ಮತ್ತು ಒತ್ತಡ. ದಾರಿಯ ಪಕ್ಕದಲ್ಲೇ ನೆಲದ ಬಿರುಕಿನಿಂದ ಹಬೆ ಏಳುತ್ತಿತ್ತು, ಬಿರುಕಿನ ಬಾಯಿಗೆ ಹಳದಿ ಗಂಧಕ ಕಟ್ಟಿತ್ತು. ಎರಡು ಚಪ್ಪಟೆ ಕಲ್ಲುಗಳ ನಡುವೆ ಟ್ಯೂಬು ಇಟ್ಟು, ಬಿರುಕಿನ ಮೇಲೆ ಕೂರಿಸಿ, ಮೇಲೆ ಮೀನಿನ ಪೆಟ್ಟಿಗೆಯ ಹಲಗೆಯೊಂದನ್ನು ಹಾಕಿ, ವಿನ್ಸಣ್ಣ ಅದರ ಮೇಲೆ ತಾನೇ ಕೂತ.

“ಅರ್ಧ ಗಂಟೆ ಯಾರೂ ಅಲ್ಲಾಡ್ಸಬ್ಯಾಡಿ” ಎಂದ.

ಹತ್ತು ನಿಮಿಷಕ್ಕೆ ಹಲಗೆ ಬಿಸಿಯಾಯಿತು. ಹದಿನೈದು ನಿಮಿಷಕ್ಕೆ ಅವನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಭಾರ ಬದಲಾಯಿಸತೊಡಗಿದ. ಆ ಹೊತ್ತಿಗೆ ಸರಿಯಾಗಿ ಸೆವ್ರಿನಕ್ಕನ ವಿಡಿಯೊ ಕಾಲ್ ಬಂತು. ಗ್ರೇಸಿ ಫೋನ್ ಹಿಡಿದಳು.

“ಇದೇನು ಇವರ ಹಿಂದೆ ಹೊಗೆ ಬರ್ತಾ ಐತೆ?” ಎಂದರು ಸೆವ್ರಿನಕ್ಕ.

“ಕೆಲಸದ ಮೇಲೆ ಕೂತಿದೀನಿ, ಎದ್ದೇಳಂಗಿಲ್ಲ” ಎಂದ ವಿನ್ಸಣ್ಣ ಹಲ್ಲು ಕಚ್ಚಿಕೊಂಡು.

“ಬೋರ್ಡಿನ ವಿಷಯ ಏನಾಯ್ತು ಗ್ರೇಸಿ?”

“ಹೌದು ಅತ್ತಿಗೆ, ಅದು ದೇವರ ಹೆಸರೇ” ಎಂದಳು ಗ್ರೇಸಿ. ವಿನ್ಸಣ್ಣನ ಮುಖ ಸಣ್ಣದಾಯಿತು. “ಅಡುಗೆಮನೆ ಗೋಡೆ ಮೇಲೆ ಚರ್ಚಿನ ಕ್ಯಾಲೆಂಡರ್ ಐತಲ್ಲ, ಅದನ್ನೂ ಇಳಿಸಿಬಿಡಿ. ಜನವರಿ ಅಂದ್ರೆ ಜಾನಸ್ ಅನ್ನೋ ಎರಡು ಮುಖದ ದೇವರದ್ದು. ಮಾರ್ಚ್ ಯುದ್ಧದ ದೇವರದ್ದು. ಜೂನ್ ಜೂನೋ ದೇವಿದು.”

ಸೆವ್ರಿನಕ್ಕ ಬೆರಳಲ್ಲಿ ತಿಂಗಳು ಎಣಿಸಿದರು. “ಮೇ ಆದ್ರೂ ಐತಲ್ಲ, ಮಾತೆ ಮರಿಯಮ್ಮನವರ ತಿಂಗಳು.”

“ಅದು ಮಾಯಾ ಅನ್ನೋ ದೇವಿ ಹೆಸರು ಅಂತಾರೆ. ಹಳೇ ರೋಮಿನಲ್ಲಿ ಕೆಲವರು ಅವಳನ್ನ ವಲ್ಕನ್ ಹೆಂಡ್ತಿ ಅಂತಾನೇ ಹೇಳ್ತಿದ್ರು.”

ಸೆವ್ರಿನಕ್ಕ ಫೋನನ್ನು ಮುಖಕ್ಕೆ ಹತ್ತಿರ ತಂದರು. ಹಿಂದೆ ಪಾಳ್ಯದ ಬಸ್ಸೊಂದು ಹಾರ್ನ್ ಹೊಡೆದದ್ದು ಕೇಳಿಸಿತು.

“ನನ್ನ ಹೆಸರು?” ಎಂದರು ಸೆವ್ರಿನಕ್ಕ ಮೆಲ್ಲಗೆ.

“ಅದೂ ರೋಮಿನದೇ. ಕಟ್ಟುನಿಟ್ಟಿನವಳು ಅಂತ ಅರ್ಥ.”

“ಅದು ನಂಗೆ ಮೊದ್ಲಿಂದ ಗೊತ್ತು” ಎಂದ ವಿನ್ಸಣ್ಣ ಹೊಗೆಯೊಳಗಿಂದ.

ಸೆವ್ರಿನಕ್ಕ ನಗು ತಡೆದುಕೊಂಡರು. “ಆಯ್ತು, ಬೋರ್ಡ್ ಇರ್ಲಿ. ಮಾವ ಬರೆಸಿದ್ದು. ಆದ್ರೆ ಬಣ್ಣ ಮಾಸೈತೆ. ಮಲ್ಲೇಶ ಬಂದ ಮೇಲೆ ಹೊಸದಾಗಿ ಬರೀಲಿ. ಸಂತರ ಹೆಸರು ಒಂದಿಂಚು ದೊಡ್ಡದಿರ್ಲಿ” ಎಂದರು. ಊರಿಗೆ ಬಂದ ವಾರವೇ ಅಳತೆಪಟ್ಟಿ ಇಟ್ಟು ಹಾಗೇ ಬರೆದುಕೊಟ್ಟಿದ್ದೇನೆ.

ಅರ್ಧ ಗಂಟೆ ಮುಗಿಯಿತೆಂದು ನಾನು ಹೇಳುವ ಮೊದಲೇ ವಿನ್ಸಣ್ಣ ಎದ್ದಿದ್ದ. ಪ್ಯಾಂಟಿನ ಹಿಂಭಾಗ ಹಳದಿಯಾಗಿ ಗರಿಗರಿ ಒಣಗಿತ್ತು. ಟ್ಯೂಬು ತೆಗೆದು ಪ್ಯಾಚಿನ ಅಂಚನ್ನು ಉಗುರಿನಿಂದ ಕೆರೆದ. ಏಳಲಿಲ್ಲ. ಮತ್ತೊಮ್ಮೆ ಕೆರೆದ. ಒಂದೇ ಮೈ ಆಗಿತ್ತು. ಅದನ್ನು ತಂಗಿಯ ಕೈಗೆ ಕೊಟ್ಟ. ಅವಳೂ ಉಗುರಿನಿಂದ ಕೆರೆದು ನೋಡಿ, ತಲೆಯಾಡಿಸಿದಳು.

ಮೀನು ಹೋಟೆಲ್ ಮುಟ್ಟಿತು. ಸಾಲ್ವೊ ನಮ್ಮನ್ನು ಮತ್ತೆ ದೋಣಿಗೆ ಬಿಡುವಾಗ ವಿನ್ಸಣ್ಣನ ಎರಡು ಕೆನ್ನೆಗೂ ಮುತ್ತಿಟ್ಟ. ಪಾಳ್ಯದಲ್ಲಿ ಯಾವ ಲಾರಿ ಡ್ರೈವರೂ ಹಾಗೆ ಮಾಡಿದ್ದಿಲ್ಲ. ವಿನ್ಸಣ್ಣ ದೋಣಿ ಹೊರಡುವವರೆಗೂ ನೆಲ ನೋಡುತ್ತ ನಿಂತ.

ವಾಪಸು ದೋಣಿ

ದೋಣಿಯಲ್ಲಿ ಬೇಕಾದಷ್ಟು ಸೀಟುಗಳಿದ್ದವು. ವಿನ್ಸಣ್ಣ ಕೂರಲಾರದೆ ಕಂಬಿ ಹಿಡಿದು ನಿಂತಿದ್ದ. ಅವನ ಬಟ್ಟೆಯಿಂದ ಬರುತ್ತಿದ್ದ ಗಂಧಕದ ವಾಸನೆಗೆ ಅಕ್ಕಪಕ್ಕದವರು ಎದ್ದು ದೂರ ಹೋದರು. ಗ್ರೇಸಿ ಮಾತ್ರ ಅವನ ಪಕ್ಕಕ್ಕೇ ಬಂದು ನಿಂತಳು. ದ್ವೀಪ ಹಿಂದಕ್ಕೆ ಸರಿಯುತ್ತಿತ್ತು.

“ಇಲ್ಲಿಗೆ ಬಂದ ಮೊದಲ್ನೇ ವರ್ಷ ಒಬ್ರ ಮಾತೂ ಅರ್ಥ ಆಗ್ತಿರ್ಲಿಲ್ಲ ಅಣ್ಣ” ಎಂದಳು. “ವಾಪಸ್ ಬಂದ್ಬುಡ್ತೀನಿ ಅಂತ ಮೂರು ಸಲ ಕಾಗದ ಬರ್ದು ಹರಿದಾಕಿದೀನಿ. ಒಂದಿನ ವಯಸ್ಸಾದೋರನ್ನ ಕರ್ಕೊಂಡು ಈ ದ್ವೀಪಕ್ಕೆ ಬಂದೆ. ದೋಣಿಯಿಂದ ಇಳಿದ ತಕ್ಷಣ ಅಪ್ಪನ ಅಂಗಡಿ ವಾಸನೆ. ಅವತ್ತಿಂದ ರಜಾ ಸಿಕ್ಕಾಗೆಲ್ಲ ಒಬ್ಳೇ ಬಂದು ಆ ಹೊಗೆ ಹತ್ರ ಕೂತಿರ್ತಿದ್ದೆ. ಮಿಕ್ಕ ಸಿಸ್ಟರುಗಳು ನಾನು ಧ್ಯಾನಕ್ಕೆ ಹೋಗ್ತೀನಿ ಅಂದ್ಕೊಂಡಿದ್ರು. ನಾನೂ ಸುಮ್ನಿದ್ದೆ.”

ವಿನ್ಸಣ್ಣ ಅವಳ ಕಡೆ ತಿರುಗಿ ನೋಡಿದ. ಜೇಬಿನಿಂದ ಕರ್ಚೀಫು ತೆಗೆದು ಮೂಗು ಒರೆಸಿಕೊಂಡ. ಅದಕ್ಕೂ ಗಂಧಕ ಹಿಡಿದಿದ್ದರಿಂದ ಎರಡು ಸಲ ಸೀನಿದ.

“ಒಂದು ಮಾತು ಹೇಳಿದ್ರೆ” ಎಂದ ಕೊನೆಗೆ, “ಒಂದು ಹಳೇ ಟ್ಯೂಬ್ ಪಾರ್ಸಲ್ ಮಾಡ್ತಿದ್ನಲ್ಲೇ.”

ಗ್ರೇಸಿ ನಗಲು ಶುರು ಮಾಡಿದವಳು ಕಂಬಿ ಹಿಡಿದುಕೊಂಡು ಬಗ್ಗಿ ನಕ್ಕಳು, ಕಣ್ಣಿನಲ್ಲಿ ನೀರು ಬರುವಷ್ಟು. ದೂರ ಹೋಗಿ ಕೂತವರೆಲ್ಲ ತಿರುಗಿ ನೋಡುತ್ತಿದ್ದರು. ಮಿಲಾಜೊ ಬರುವವರೆಗೂ ಅವಳು ಅಣ್ಣನ ತೋಳು ಬಿಡಲಿಲ್ಲ.